ಐದು ಗಂಟೆಗೆ ಹಡಗು ಬಿಡುತ್ತದೆ

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಂಗಳೂರಿನ ಪಣಂಬೂರು ಬಂದರಿಗೆ ಆಗಾಗ ಒಂದು ಬಿಳಿ ಹಡಗು ಬರುತ್ತದೆ. ದೂರದಿಂದ ನೋಡಿದರೆ ಹಡಗು ಅನ್ನಿಸುವುದೇ ಇಲ್ಲ. ವೈಟ್‌ಫೀಲ್ಡಿನ ಯಾವುದೋ ಅಪಾರ್ಟ್‌ಮೆಂಟನ್ನು ಬುಡ ಸಮೇತ ಕಿತ್ತು ನೀರಿನ ಮೇಲೆ ಇಟ್ಟ ಹಾಗೆ ಕಾಣುತ್ತದೆ. ಒಳಗೆ ಸಾವಿರವೋ ಎರಡು ಸಾವಿರವೋ ಜನ. ನಿನ್ನೆ ಗೋವೆ, ನಾಳೆ ಕೊಚ್ಚಿ, ನಡುವಿನ ಒಂದು ಹಗಲು ನಮ್ಮ ಪಾಲಿಗೆ. ಬೆಳಿಗ್ಗೆ ಚೆಂಡೆ ಬಡಿದು, ಯಕ್ಷಗಾನದ ವೇಷ ನಿಲ್ಲಿಸಿ ಸ್ವಾಗತ ಮಾಡುತ್ತಾರೆ. ಹೊರಗೆ ಏಸಿ ಬಸ್ಸುಗಳು ಸಾಲಾಗಿ ನಿಂತಿರುತ್ತವೆ. ಒಂಬತ್ತಕ್ಕೆ ಬಸ್ಸು ಹೊರಟರೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ನಡುವೆ ಎಲ್ಲೋ ಒಂದು ಎಳನೀರು, ಒಂದು ತೋಟ, ಒಂದು ಗೇರುಬೀಜದ ಕಾರ್ಖಾನೆ. ನಾಲ್ಕೂವರೆಯೊಳಗೆ ಎಲ್ಲರೂ ಹಡಗಿನ ಮೇಲಿರಬೇಕು. ಐದಕ್ಕೆ ಹಡಗು ಬಿಡುತ್ತದೆ.

ಈ ಐದು ಗಂಟೆ ಅನ್ನುವುದು ತಮಾಷೆಯಲ್ಲ. ಹಡಗಿನವರೇ ಮಾರಿದ ಪ್ರವಾಸದ ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ನೀವೇ ಟ್ಯಾಕ್ಸಿ ಮಾಡಿಕೊಂಡು ಹೋಗಿ ತಡ ಮಾಡಿದಿರೋ, ಕಾಯುವುದಿಲ್ಲ. ಮುಂದಿನ ಬಂದರಿಗೆ ಸ್ವಂತ ಖರ್ಚಿನಲ್ಲಿ ಹೋಗಿ ಹತ್ತಿಕೊಳ್ಳಬೇಕು. ಗೈಡಿನ ಹೊಟ್ಟೆಯಲ್ಲಿ ಇಡೀ ದಿನ ಒಂದು ಗಡಿಯಾರ ಟಿಕ್ ಟಿಕ್ ಅನ್ನುತ್ತಿರುತ್ತದೆ.

ಇದೆಲ್ಲ ನನಗೆ ಗೊತ್ತಾದದ್ದು ನನ್ನ ಭಾವನಿಂದ. ಅವರು ಕೆಲವು ವರ್ಷಗಳಿಂದ ಈ ಸೀಸನ್ನಿನಲ್ಲಿ ಗೈಡ್ ಕೆಲಸ ಮಾಡುತ್ತಾರೆ. ಇಂಗ್ಲಿಷ್ ಚೆನ್ನಾಗಿದೆ, ಜರ್ಮನ್ ಸುಮಾರಾಗಿದೆ, ಗಂಟಲು ಬಹಳ ದೊಡ್ಡದಿದೆ. ಕಳೆದ ಸಲ ಊರಿಗೆ ಹೋದಾಗ ಒಂದು ಹಾಳೆ ಕೈಗಿಟ್ಟು, "ನೀನು ಇತಿಹಾಸ ಗಿತಿಹಾಸ ಅಂತ ಬರೀತೀಯಲ್ಲ, ಇದನ್ನೊಂದು ಸ್ವಲ್ಪ ಸರಿ ಮಾಡಿ ಕೊಡು ಮಾರಾಯ. ಒಂದು ಪುಟ ಸಾಕು" ಅಂದರು. ಅದು ಬಸ್ಸಿನಲ್ಲಿ ಮೈಕು ಹಿಡಿದು ಹೇಳುವ ಮಾತಿನ ಪಟ್ಟಿ, ಪ್ರವಾಸದ ಏಜೆನ್ಸಿಯವರು ಕೊಟ್ಟದ್ದು. ಮೊದಲ ಸಾಲಿನಲ್ಲೇ ಒಂದು ಶಬ್ದ ಇತ್ತು: ‘ಅನ್‌ಟಚ್ಡ್’. ಈಗ ನೀವು ನೋಡಲಿರುವುದು ಹೊರಗಿನ ಲೋಕ ಮುಟ್ಟದ, ಸಾವಿರಾರು ವರ್ಷಗಳಿಂದ ಹಾಗೇ ಇರುವ ಹಳ್ಳಿಗಾಡು, ಅಂತ.

ಆ ಒಂದು ಶಬ್ದದ ಮೇಲೆ ನಾವಿಬ್ಬರೂ ಎರಡು ದಿನ ಜಗಳ ಮಾಡಿದೆವು.

ಸಮುದ್ರದ ಮೇಲೆ ಬಂದವರನ್ನು ಒಂದು ದಿನದ ಮಟ್ಟಿಗೆ ದಡಕ್ಕಿಳಿಸಿ, ಸುತ್ತಿಸಿ, ವಾಪಸು ಹತ್ತಿಸುವ ಈ ವ್ಯಾಪಾರ ಅಂಥ ಹಳೆಯದೇನಲ್ಲ. 1867ರಲ್ಲಿ ‘ಕ್ವೇಕರ್ ಸಿಟಿ’ ಎಂಬ ಹಡಗು ನ್ಯೂಯಾರ್ಕಿನಿಂದ ಪ್ರವಾಸಿಗಳನ್ನೇ ತುಂಬಿಕೊಂಡು ಮೆಡಿಟರೇನಿಯನ್ ಕಡೆಗೆ ಹೋಯಿತು. ಅದರಲ್ಲಿ ಮಾರ್ಕ್ ಟ್ವೇನ್ ಇದ್ದ. ತನ್ನ ಸಹಪ್ರಯಾಣಿಕರನ್ನೂ ಗೈಡುಗಳನ್ನೂ ಒಟ್ಟಿಗೇ ಗೇಲಿ ಮಾಡಿ ಪುಸ್ತಕ ಬರೆದ. 1891ರ ಜನವರಿಯಲ್ಲಿ ಜರ್ಮನಿಯ ಆಲ್ಬರ್ಟ್ ಬಾಲಿನ್, ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವವರಿಲ್ಲದೆ ಖಾಲಿ ಬೀಳುತ್ತಿದ್ದ ‘ಆಗಸ್ಟಾ ವಿಕ್ಟೋರಿಯಾ’ ಹಡಗಿಗೆ 241 ಜನರನ್ನು ಹತ್ತಿಸಿ ಸುಮಾರು ಎರಡು ತಿಂಗಳು ಸುತ್ತಿಸಿದ. ಬಂದರಿಗೆ ಬಂದಾಗ ದಡದ ಮೇಲೆ ತಿರುಗಾಟದ ಏರ್ಪಾಡೂ ಅವನದೇ. ಈಗಿನ ಕ್ರೂಸ್ ವ್ಯವಹಾರದ ಅಜ್ಜ ಅದು. ಖಾಲಿ ಹಡಗಿನ ಲೆಕ್ಕಾಚಾರದಿಂದ ಹುಟ್ಟಿದ್ದು, ಊರು ನೋಡುವ ಆಸೆಯಿಂದಲ್ಲ.

ಆದರೆ ಹಡಗಿನಿಂದಿಳಿದು ನಮ್ಮ ಒಳನಾಡು ನೋಡಿದವರ ಕತೆ ಇದಕ್ಕಿಂತ ಬಹಳ ಹಿಂದಿನದು. ಅವರಿಗೂ ಗಡಿಯಾರ ಇತ್ತು. ಅದನ್ನು ತಿರುಗಿಸುತ್ತಿದ್ದದ್ದು ಗಾಳಿ.

ಮಳೆಗಾಲದಲ್ಲಿ ಈ ಕರಾವಳಿ ಮುಚ್ಚಿಬಿಡುತ್ತಿತ್ತು. ಮಳೆಯ ಆರ್ಭಟ ಇಳಿಯುವ ಹೊತ್ತಿಗೆ ಏಡನ್ ಕಡೆಯ ಹಡಗುಗಳು ಬರುತ್ತಿದ್ದವು. ಚಳಿಗಾಲದಲ್ಲಿ ಗಾಳಿ ತಿರುಗಿದ ಮೇಲೆ ಸರಕು ತುಂಬಿಕೊಂಡು ವಾಪಸು. ನಡುವಿನ ತಿಂಗಳುಗಳಲ್ಲಿ ಮಾಡುವುದೇನು? ಕಾಯುವುದು. ಕಾಯುವವನು ಮನೆ ಮಾಡುತ್ತಾನೆ, ಸಾಲ ಕೊಡುತ್ತಾನೆ, ಭಾಷೆ ಕಲಿಯುತ್ತಾನೆ. (ಕ್ರೂಸ್ ಸೀಸನ್ ಈಗಲೂ ಅದೇ ತಿಂಗಳುಗಳಲ್ಲಿ ಬೀಳುತ್ತದೆ ಅನ್ನುವುದನ್ನು ಗಮನಿಸಿ. ಇಂಜಿನ್ ಬಂದರೂ ಮಳೆಗಾಲಕ್ಕೆ ಹೆದರುವುದು ಬಿಟ್ಟಿಲ್ಲ.)

ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಷಿಯಾ ಮೂಲದ ಯಹೂದಿ ವರ್ತಕ 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. ಆ ವರ್ಷ ಅಶು ಎಂಬ ಇಲ್ಲಿನ ಹೆಣ್ಣುಮಗಳನ್ನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರ ಇವತ್ತಿಗೂ ಉಳಿದಿದೆ. ಆಕೆಯೊಂದಿಗೇ ಸಂಸಾರ ಮಾಡಿ, ಮಕ್ಕಳಾಗಿ, 1149ರಲ್ಲಷ್ಟೇ ಏಡನ್‌ಗೆ ಮರಳಿದ. ಹದಿನೇಳು ವರ್ಷ! ಅವನಿಗಿಲ್ಲಿ ಹಿತ್ತಾಳೆಯ ಕಾರ್ಖಾನೆ ಇತ್ತು. ಏಡನ್ನಿನಿಂದ ಒಡೆದ ಹಳೇ ಪಾತ್ರೆ, ತಾಮ್ರ ಬರುತ್ತಿತ್ತು. ಇಲ್ಲಿನ ಕುಶಲಿಗರು ಕರಗಿಸಿ ಹೊಸದು ಮಾಡಿ ಕಳಿಸುತ್ತಿದ್ದರು. ಜತೆಗೆ ಮೆಣಸು, ಅಡಿಕೆ. ಅಲ್ಲಿಂದ ಅವನಿಗೆ ಬರೆಯುವ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿತ್ತು. ಅವನ ವ್ಯವಹಾರವನ್ನು ಸಮುದ್ರದಾಚೆ ನೋಡಿಕೊಳ್ಳುತ್ತಿದ್ದ ಬೊಮ್ಮ ಎಂಬ ಆಳಿನ ಹೆಸರೂ ಪತ್ರಗಳಲ್ಲಿದೆ. ಕೈರೋದ ಹಳೆಯ ಸಿನಗಾಗಿನ ಕಾಗದದ ರಾಶಿಯಲ್ಲಿ ಸಿಕ್ಕ ಈ ಪತ್ರಗಳ ಬೆನ್ನು ಹತ್ತಿ ಅಮಿತಾವ್ ಘೋಷ್ 1992ರಲ್ಲಿ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ ಬರೆದರು. ಓದಿಲ್ಲದಿದ್ದರೆ ಓದಿ.

ಅಂದರೆ ಬಸ್ಸಿನ ಕಿಟಕಿಯಲ್ಲಿ ತಂಪಾಗಿ ಹಾದುಹೋಗುವ ಆ ಅಡಿಕೆ ತೋಟ ಇದೆಯಲ್ಲ, ಅದರ ಫಸಲು ಸುಮಾರು 900 ವರ್ಷಗಳ ಹಿಂದೆಯೇ ಎಕ್ಸ್‌ಪೋರ್ಟ್ ಆಗುತ್ತಿತ್ತು. ಎರಡು ಶತಮಾನ ಬಿಟ್ಟು ಬಂದ ಇಬ್ನ್ ಬತೂತ ಕೂಡ, ಪರ್ಷಿಯಾ ಮತ್ತು ಯೆಮನ್ನಿನ ವರ್ತಕರೆಲ್ಲ ಇಳಿಯುವುದು ಇಲ್ಲೇ, ಮೆಣಸು ಶುಂಠಿ ರಾಶಿ ರಾಶಿ ಸಿಗುತ್ತದೆ ಎಂದು ಬರೆದಿಟ್ಟಿದ್ದಾನೆ. ಇದನ್ನೆಲ್ಲ ಹೇಳಿ, "ಎಲ್ಲಿಯ ಅನ್‌ಟಚ್ಡ್ ಭಾವ?" ಅಂತ ಕೇಳಿದೆ. ಭಾವ ಹೇಳಿದ್ದು: "ಅದೆಲ್ಲ ಸರಿ. ಆದ್ರೆ ಇಷ್ಟು ಹೇಳುವಷ್ಟ್ರಲ್ಲಿ ಗುರುಪುರ ಸಂಕ ದಾಟಿ ಆಗ್ತದೆ."

ಕೊನೆಗೆ ಒಂದು ಭಾನುವಾರ ಅವರ ಕಾರಿನಲ್ಲೇ ಇಡೀ ದಾರಿ ಓಡಿಸಿ ನೋಡುವುದು ಎಂದಾಯಿತು. ನಾನು ಮೊಬೈಲಿನಲ್ಲಿ ಟೈಮರ್ ಹಿಡಿದು ಪಕ್ಕದಲ್ಲಿ. ಕಿಟಕಿಯಲ್ಲಿ ಏನು ಕಾಣುತ್ತದೋ ಅದರ ಬಗ್ಗೆ, ಅದು ಕಾಣುವಷ್ಟು ಹೊತ್ತು ಮಾತ್ರ ಮಾತಾಡುವುದು ಎಂದು ಕರಾರು.

ಮೊದಲು ಕಂಡದ್ದು ಮಾಡು. ಕೆಂಪು ಹಂಚಿನ ಮಾಡು, ಹಿಂದೆ ತೆಂಗು. ಕ್ಯಾಲೆಂಡರಿನ ಕರಾವಳಿ ಅಂದರೆ ಇದೇ ಅಲ್ಲವಾ? 1865ಕ್ಕಿಂತ ಹಿಂದೆ ಈ ಚಿತ್ರವೇ ಇರಲಿಲ್ಲ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಆ ವರ್ಷ ಮಂಗಳೂರಿನ ಜೆಪ್ಪಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಶುರು ಮಾಡಿದ. ಯುರೋಪಿನ ಅಚ್ಚು, ನಮ್ಮ ಹೊಳೆಬದಿಯ ಆವೆಮಣ್ಣು. ಅಲ್ಲಿಯವರೆಗೆ ಸಾಮಾನ್ಯರ ಮನೆಗೆ ಮುಳಿಹುಲ್ಲಿನ ಮಾಡು ಅಥವಾ ತೆಂಗಿನ ಮಡಲು. ಒಂದು ಕಿಡಿ ಬಿದ್ದರೆ ಕೇರಿಯೇ ಹೋಗುತ್ತಿತ್ತು. ಆಮೇಲೆ ಮಂಗಳೂರು ಹಂಚು ಹಡಗು ಹತ್ತಿ ಮುಂಬೈಗೆ, ಆಫ್ರಿಕಾಕ್ಕೆ ಹೋಯಿತು. ಹಡಗಿನಲ್ಲಿ ಬಂದ ಪಾದ್ರಿಗಳು ಶುರು ಮಾಡಿದ್ದು, ಹಡಗಿನಲ್ಲೇ ಲೋಕಕ್ಕೆ ಹೋದದ್ದು, ಈಗ ಹಡಗಿನಲ್ಲಿ ಬಂದವರಿಗೆ ‘ಪುರಾತನ ಹಳ್ಳಿಮನೆ’ ಎಂದು ತೋರಿಸುತ್ತಿರುವುದು. ಮಾಡಿನ ಕೆಳಗಿನ ಗೋಡೆ ಮಾತ್ರ ನಿಜಕ್ಕೂ ಇಲ್ಲಿಯದೇ, ಮುರಕಲ್ಲು. ಅದಕ್ಕೂ ಲೋಕ ಬಳಸುವ ‘ಲ್ಯಾಟರೈಟ್’ ಎಂಬ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಸತ್ತ ಮೇಲೆ ಕಂಪನಿಗಾಗಿ ನಮ್ಮ ಸೀಮೆಯನ್ನೆಲ್ಲ ಅಳೆಯುತ್ತಾ ಬಂದ ವೈದ್ಯ. ಮಲಬಾರಿನಲ್ಲಿ ಈ ಕಲ್ಲನ್ನು ಇಟ್ಟಿಗೆಯ ಹಾಗೆ ಕಡಿಯುವುದು ನೋಡಿ, ಇಟ್ಟಿಗೆಗಿರುವ ಲ್ಯಾಟಿನ್ ಶಬ್ದದಿಂದ ಹೆಸರು ಕಟ್ಟಿದ. 1801ರಲ್ಲಿ ಅವನು ತುಳುನಾಡನ್ನೂ ಹಾದುಹೋದ. ಆ ಪ್ರಯಾಣದ ಪುಸ್ತಕ 1807ರದು.

ಮಾಡು ದಾಟಿದರೆ ಗುಡ್ಡ. ಗುಡ್ಡದ ಮೇಲೆ ಗೇರು. ಪ್ರವಾಸಿಗಳು ಗೇರುಬೀಜದ ಕಾರ್ಖಾನೆಗೆ ಹೋಗಿ ಹೆಂಗಸರು ಒಂದೊಂದೇ ಬೀಜದ ಸಿಪ್ಪೆ ಬಿಡಿಸುವುದನ್ನು ನೋಡಿ ಫೋಟೋ ಹೊಡೆದುಕೊಂಡು ಬರುತ್ತಾರೆ. ಗೇರು ಬ್ರೆಜಿಲಿನ ಮರ. 16ನೇ ಶತಮಾನದಲ್ಲಿ ಪೋರ್ಚುಗೀಸರು ತಂದದ್ದು. ಮಲಯಾಳದಲ್ಲಿ ಅದನ್ನು ಪರಂಗಿ ಮಾವು ಎಂದು ನೇರವಾಗಿ ಹೇಳುವ ರೂಢಿಯಿದೆ. ನಾವು ಕನ್ನಡಿಗರು ಆ ಹೆಸರನ್ನು ಪಪ್ಪಾಯಿಗೆ ಕೊಟ್ಟು ಪರಂಗಿ ಹಣ್ಣು ಅಂದೆವು. ಗೇರಿಗೆ ಮಾತ್ರ ನಮ್ಮದೇ ಕಾಡಿನ ಇನ್ನೊಂದು ಮರದ ಹೆಸರು ಹಾಕಿಬಿಟ್ಟೆವು. ಬಟ್ಟೆಗೆ ಅಳಿಸದ ಕಪ್ಪು ಗುರುತು ಹಾಕಲು ಅಗಸರು ಬಳಸುತ್ತಿದ್ದ ಕಾಯಿ ಇತ್ತಲ್ಲ, ಆ ಗೇರು. ಹೊಸಬ ಹೆಸರು ಹೊತ್ತುಕೊಂಡು ಹೋದ, ಹಳಬ ಕರಿಗೇರು, ಕಾಡುಗೇರು ಆಗಿ ಕಾಡಿನಲ್ಲೇ ಉಳಿದ.

ಮೆಣಸಿನ ಕತೆಯೂ ಡಿಟ್ಟೋ. ಲೋಕದ ಹಡಗುಗಳೆಲ್ಲ ಈ ಕರಾವಳಿಗೆ ಬಿದ್ದು ಬಂದದ್ದು ನಮ್ಮ ಮೆಣಸಿಗಾಗಿ. ಅದನ್ನೇ ಹುಡುಕಿ ತಪ್ಪು ದಿಕ್ಕಿಗೆ ಹೋದ ಕೊಲಂಬಸನ ದೆಸೆಯಿಂದ ಅಮೆರಿಕದ ಕೆಂಪು ಕಾಯಿ ಲೋಕಕ್ಕೆ ಗೊತ್ತಾಯಿತು, ಪೋರ್ಚುಗೀಸರು ಅದನ್ನು ಇಲ್ಲಿಗೇ ತಂದು ಸುರಿದರು. ಅದರ ಖಾರಕ್ಕೆ ನಾವು ಮೆಣಸಿನಕಾಯಿ ಎಂದು ಹೆಸರಿಟ್ಟೆವು. ಬರಬರುತ್ತಾ ಮೆಣಸು ಅಂದರೆ ಅದೇ ಆಗಿಹೋಗಿ, ಅಸಲಿ ಮೆಣಸಿಗೆ ಬೇರೆ ವಿಳಾಸ ಬೇಕಾಯಿತು. ಬಯಲುಸೀಮೆಯಲ್ಲಿ ಕಾಳುಮೆಣಸು, ಕರಿಮೆಣಸು. ನಮ್ಮ ಕಡೆ ಒಳ್ಳೆಮೆಣಸು. ಆ ‘ಒಳ್ಳೆ’ಯಲ್ಲಿ ಎಷ್ಟು ಅಭಿಮಾನ ಉಂಟು ನೋಡಿ! ಇನ್ನೊಬ್ಬ ಬಂದು ಹೆಸರು ಕಸಿದರೂ ಒಳ್ಳೆಯವನು ಮಾತ್ರ ನಾನೇ ಎಂದ ಹಾಗೆ. ಮಧ್ಯಾಹ್ನದ ಊಟಕ್ಕೆ ಪ್ರವಾಸಿಗಳ ಬಾಯಿ ಉರಿಸುವ ‘ಅಥೆಂಟಿಕ್’ ಕೋರಿ ರೊಟ್ಟಿಯ ಬ್ಯಾಡಗಿ ಬಣ್ಣದ ಪೂರ್ವಜರು ಕೂಡ ಹಡಗಿಳಿದು ಬಂದವರೇ. ಹಾದಿಬದಿಯ ಅಕೇಶಿಯಾ ಆಸ್ಟ್ರೇಲಿಯಾದ್ದು, ರಬ್ಬರ್ ಅಮೆಜಾನಿನದು. ಅನಾನಸಿನ ಬಗ್ಗೆ ಹೇಳಲಿಕ್ಕೇ ಹೋಗುವುದಿಲ್ಲ.

"ಹಾಗಾದ್ರೆ ನಮ್ಮದು ಅಂತ ಎಂತ ಉಳೀತು ಮಾರಾಯ?" ಎಂದರು ಭಾವ, ನಿಜಕ್ಕೂ ಸ್ವಲ್ಪ ಬೇಸರದಲ್ಲಿ.

ಈ ಪ್ರಶ್ನೆಗೆ ನನ್ನ ಉತ್ತರ ಮೂಡುಬಿದಿರೆಯಲ್ಲಿತ್ತು. 1430ರಲ್ಲಿ ಕಟ್ಟಿದ ತ್ರಿಭುವನ ತಿಲಕ ಚೂಡಾಮಣಿ ಬಸದಿ, ಜನರ ಬಾಯಲ್ಲಿ ಸಾವಿರ ಕಂಬದ ಬಸದಿ. ಕಲ್ಲಿನ ಕೆಳಗಿನ ಅಂತಸ್ತು, ಅದರ ಮೇಲೆ ಮರದ ಅಂತಸ್ತು, ಮಳೆ ಜಾರಿಹೋಗುವಂತೆ ಇಳಿಜಾರಿನ ಮಾಡು. ಇದನ್ನು ನೋಡಿದ ಫರ್ಗುಸನ್ ಎಂಬ 19ನೇ ಶತಮಾನದ ವಾಸ್ತುಶಿಲ್ಪ ಇತಿಹಾಸಕಾರನಿಗೆ ನೇಪಾಳದ ನೆನಪಾಯಿತು. ದಿಗಂಬರರ ಅತ್ಯಂತ ಹಳೆಯ ಸಿದ್ಧಾಂತ ಗ್ರಂಥಗಳ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದ ಊರು ಇದು. ಎರಡು ವರ್ಷದ ನಂತರ, 1432ರ ಫೆಬ್ರವರಿಯಲ್ಲಿ, ಕಾರ್ಕಳದಲ್ಲಿ ವೀರಪಾಂಡ್ಯ 42 ಅಡಿಯ ಬಾಹುಬಲಿಯನ್ನು ನಿಲ್ಲಿಸಿದ. 20 ಕಿಲೋಮೀಟರಿನೊಳಗೆ, ಎರಡೇ ವರ್ಷದಲ್ಲಿ ಇಂಥ ಎರಡು ಕೆಲಸ. ಭಕ್ತಿ ಇತ್ತು, ಸರಿ. ದುಡ್ಡು? ಬಸದಿಗೆ ಹಣ ಹಾಕಿದವರು ಇಲ್ಲಿನ ಜೈನ ವರ್ತಕರು, ಸೆಟ್ಟಿಗಳು. ಘಟ್ಟದ ಮೆಣಸು ಬಂದರಿಗೆ ಇಳಿಯುವ ನಾಡಿನಲ್ಲಿ ವ್ಯಾಪಾರ ಮಾಡುತ್ತಿದ್ದವರು.

ಅವರು ನಮಗೊಂದು ಸುಳಿವನ್ನೂ ಬಿಟ್ಟಿದ್ದಾರೆ. ಬಸದಿಯ ಮುಂದಿನ ಭೈರಾದೇವಿ ಮಂಟಪದ ತಳಪಾಯದ ಮೇಲೆ ಸಣ್ಣ ಸಣ್ಣ ಉಬ್ಬುಕೆತ್ತನೆಗಳ ಸಾಲು ಇದೆ. ಎಲ್ಲರೂ ಕತ್ತೆತ್ತಿ ಕಂಬ ನೋಡುವುದರಿಂದ ಇದು ಕಾಲ ಬುಡದಲ್ಲೇ ತಪ್ಪಿಹೋಗುತ್ತದೆ. ಅಲ್ಲೊಂದು ಜಿರಾಫೆ ಇದೆ. ಹೌದು, ಜಿರಾಫೆ. ಅದೇ ಸಾಲಿನಲ್ಲಿ ಚೀನೀ ಡ್ರ್ಯಾಗನ್ ಕೂಡ. ಆ ಶತಮಾನದಲ್ಲಿ ಜಿರಾಫೆಗಳು ಹಡಗಿನ ಮೇಲೆ ತಿರುಗುತ್ತಿದ್ದದ್ದು ನಿಜ. 1414ರಲ್ಲಿ ಬಂಗಾಳದ ಸುಲ್ತಾನ ಚೀನಾದ ಮಿಂಗ್ ಚಕ್ರವರ್ತಿಗೆ ಆಫ್ರಿಕಾದ ಒಂದು ಜಿರಾಫೆಯನ್ನು ಕಾಣಿಕೆಯಾಗಿ ಕಳಿಸಿದ್ದ. ಝೆಂಗ್ ಹೆಯ ಚೀನೀ ನೌಕಾಪಡೆ ಇದೇ ಕಾಲದಲ್ಲಿ ಕಲ್ಲಿಕೋಟೆಗೆ ಬಂದು ಹೋಗುತ್ತಿತ್ತು. ಮೂಡುಬಿದಿರೆಯ ಶಿಲ್ಪಿ ಪ್ರಾಣಿಯನ್ನು ಕಣ್ಣಾರೆ ಕಂಡನೋ, ಸೆಟ್ಟಿಯೊಬ್ಬ ಬಂದರಿನಿಂದ ತಂದ ಬಾಯಿಮಾತು ಕೇಳಿದನೋ, ಅಂತೂ ಘಟ್ಟದ ತಪ್ಪಲಿನ ಈ ಪೇಟೆಯಲ್ಲಿ ಕೂತು ಅದನ್ನು ಕೆತ್ತುವುದು ಅವನಿಗೆ ಸಹಜವಾಗಿತ್ತು. ನಮ್ಮದು ಅಂದರೆ ಇದು ಭಾವ, ಎಂದೆ. ಬಂದದ್ದನ್ನೆಲ್ಲ ಕಲ್ಲಿಗೆ, ಸಾರಿಗೆ, ಮಾಡಿಗೆ ಹಾಕಿಕೊಂಡದ್ದು. ದೈವಗಳನ್ನೂ ಬಿಡಲಿಲ್ಲ. ಮೊಗವೀರರು ನಂಬುವ ಬೊಬ್ಬರ್ಯ, ಪಾಡ್ದನ ಹೇಳುವ ಪ್ರಕಾರ, ಹಡಗಿನ ವ್ಯಾಪಾರದ ಬ್ಯಾರಿ ತಂದೆಯ ಮಗ.

ಭಾವ ಮಂಡಿಯೂರಿ ಕೂತು ಜಿರಾಫೆಯನ್ನು ಐದು ನಿಮಿಷ ನೋಡಿದರು. ಎಷ್ಟು ಸಲ ಅದರ ಪಕ್ಕದಲ್ಲೇ ನಿಂತು, "ಟ್ವೆಂಟಿ ಮಿನಿಟ್ಸ್ ಫಾರ್ ಫೋಟೋಸ್" ಅಂತ ಕೂಗಿದ್ದಾರೋ. ಟೈಮರ್ ನಿಲ್ಲಿಸುವುದು ನನಗೆ ಮರೆತೇ ಹೋಯಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹೀಗೆ ಒಂದು ದಿನದಲ್ಲಿ ಊರು ನೋಡುವವರನ್ನು ಗೇಲಿ ಮಾಡುವುದು ಸುಲಭ. ಮಾರ್ಕ್ ಟ್ವೇನ್‌ನಿಂದ ಹಿಡಿದು ಇನ್‌ಸ್ಟಾಗ್ರಾಮಿನವರೆಗೆ ಎಲ್ಲರೂ ಮಾಡಿದ್ದಾರೆ. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಟಿಟಿ ಹತ್ತಿ, ಶನಿವಾರ ನಾಲ್ಕು ಜಾಗ ಮುಗಿಸಿ, ಭಾನುವಾರ ರಾತ್ರಿ ವಾಪಸು ಬಸ್ಸು ಹಿಡಿಯುವ ನಾವು ಗೇಲಿ ಮಾಡುವ ಸ್ಥಿತಿಯಲ್ಲಿಲ್ಲ ಅನ್ನುವುದು ಬೇರೆ ವಿಷಯ. ಎಪ್ಪತ್ತು ದಾಟಿದ ಅಜ್ಜಿಯೊಬ್ಬಳು ಊರುಗೋಲು ಹಿಡಿದು, ಮಾರ್ಚಿನ ಬಿಸಿಲಲ್ಲಿ ಕಾರ್ಕಳದ ಬಂಡೆ ಹತ್ತುತ್ತಾಳೆ ಅಂದರೆ ಅವಳಿಗೆ ಏನೋ ನೋಡಬೇಕಿದೆ. ಅವಳಿಗೆ ಸುಳ್ಳು ಯಾಕೆ ಹೇಳಬೇಕು? ಮುಟ್ಟದ ಹಳ್ಳಿ ಎಂಬ ಮಾತಿನಲ್ಲಿ ಒಂದು ಸಣ್ಣ ಅವಮಾನವೂ ಇದೆ: ಇಲ್ಲಿಯವರು ಸಾವಿರ ವರ್ಷ ಸುಮ್ಮನೆ ಕೂತಿದ್ದರು, ಈಗ ನೀವು ಬಂದು ನೋಡುತ್ತಿದ್ದೀರಿ ಅಂತ. ಬೊಮ್ಮನಿಗೂ ಸೆಟ್ಟಿಗಳಿಗೂ ಇದು ಗೊತ್ತಾದರೆ ನಗುತ್ತಿದ್ದರು.

ಅವಳು ಬಂದಿಳಿದ ಬಂದರೂ ಕತೆಯ ಹೊರಗಿಲ್ಲ. ಹಳೇ ಬಂದರು ಇದ್ದದ್ದು ನೇತ್ರಾವತಿ ಮತ್ತು ಗುರುಪುರ ಹೊಳೆ ಸೇರುವ ಅಳಿವೆಯಲ್ಲಿ. ದೊಡ್ಡ ಹಡಗು ಒಳಗೆ ಬರಲಾಗದೆ ದೂರದಲ್ಲಿ ಲಂಗರು ಹಾಕುತ್ತಿತ್ತು, ಸರಕನ್ನು ಸಣ್ಣ ದೋಣಿಗಳಲ್ಲಿ ಸಾಗಿಸಬೇಕಿತ್ತು. ಪಣಂಬೂರಿನಲ್ಲಿ ದಡವನ್ನೇ ಅಗೆದು ಹೊಸ ಬಂದರು ಮಾಡಿದರು. ಬೇಸಾಯದವರೂ ಮೀನುಗಾರರೂ ಮನೆ, ಗದ್ದೆ, ತೆಂಗು ಬಿಟ್ಟು ಎದ್ದರು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು, 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಅದು ಮುಖ್ಯವಾಗಿ ಕಾದಿದ್ದು ಕುದುರೆಮುಖದ ಕಬ್ಬಿಣದ ಅದಿರಿಗೆ. ಇರಾನಿನ ಶಾ ಹಣ ಕೊಟ್ಟು ಅದಿರು ಕೊಳ್ಳುವ ಒಪ್ಪಂದ ಮಾಡಿದ್ದ. 1979ರಲ್ಲಿ ಅವನೇ ಗದ್ದುಗೆ ಕಳೆದುಕೊಂಡ. ಆದರೂ ಗಣಿ ಶುರುವಾಯಿತು. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಪೈಪಿನಲ್ಲಿ ಘಟ್ಟದಿಂದ ಪಣಂಬೂರಿಗೆ ಹರಿಸಿದರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಬಸ್ಸಿನಿಂದ ಪೂರ್ವಕ್ಕೆ ನೀಲಿಯಾಗಿ ಕಾಣುವ ಘಟ್ಟದ ಸಾಲಿನ ಹಿಂದಿರುವುದು ಈ ಗಣಿಯ ಜಾಗ. ಸುಮಾರು 1,890 ಮೀಟರ್ ಎತ್ತರದ ಆ ಶಿಖರ ಕುದುರೆಯ ಮುಖದ ಹಾಗೆ ಕಾಣುವುದು ಕಡಲ ಕಡೆಯಿಂದ. ನಾವಿಕರಿಗೆ ದಿಕ್ಕು ತೋರುತ್ತಿದ್ದ ಗುಡ್ಡ ಅದು.

ಮರಳುವ ದಾರಿಯಲ್ಲಿ, ಕೈಕಂಬದ ಹತ್ತಿರ, ನಾನು ಭಾವನಿಗೆ ಮಳಲಿ ಕಡೆಯ ತಿರುವು ತೋರಿಸಿದೆ. ಅಲ್ಲಿ ಒಳಗೆ ಗುರುಪುರ ಹೊಳೆಯ ಬದಿಯಲ್ಲಿ ಮಣೇಲ್ ಇದೆ. ಪ್ರವಾಸದ ಪಟ್ಟಿಯಲ್ಲಿ ಇಲ್ಲ. ನನ್ನನ್ನು ಕೇಳಿದರೆ ಈ ಇಡೀ ದಾರಿಯ ಅತ್ಯಂತ ಒಳ್ಳೆಯ ಕತೆ ನಡೆದದ್ದು ಅಲ್ಲಿ.

ಪಿಯೆತ್ರೊ ದೆಲ್ಲಾ ವಾಲ್ಲೆ ರೋಮಿನ ಶ್ರೀಮಂತ. ಯಾವ ವ್ಯಾಪಾರವೂ ಇಲ್ಲ, ಯಾವ ಧರ್ಮಪ್ರಚಾರವೂ ಇಲ್ಲ. ಸುಮ್ಮನೆ ನೋಡಲಿಕ್ಕೆ ತಿರುಗುತ್ತಿದ್ದವನು, ಅಂದರೆ ನಿಜವಾದ ಅರ್ಥದಲ್ಲಿ ಟೂರಿಸ್ಟ್. ಬಾಗ್ದಾದಿನಲ್ಲಿ ಮಾನಿ ಎಂಬವಳನ್ನು ಪ್ರೀತಿಸಿ ಮದುವೆಯಾದ. ಪರ್ಷಿಯಾದಲ್ಲಿ ಆಕೆ ಜ್ವರ ಬಂದು ತೀರಿಕೊಂಡಳು. ಅನ್ಯದೇಶದ ಮಣ್ಣಿಗೆ ಹಾಕಲು ಮನಸ್ಸು ಬಾರದೆ ಅವಳ ಶವವನ್ನು ಕೆಡದಂತೆ ಸಂಸ್ಕರಿಸಿ, ಪೆಟ್ಟಿಗೆಯಲ್ಲಿಟ್ಟು, ಭಾರತಕ್ಕೂ ತಂದ. ಸುಮಾರು ಐದು ವರ್ಷ ಹೀಗೆ ಸಾಗಿಸಿ ಕೊನೆಗೆ ರೋಮಿನಲ್ಲಿ ಮಣ್ಣು ಮಾಡಿದ. 1623ರಲ್ಲಿ ಗೋವೆಯಿಂದ ಹಡಗಿನಲ್ಲಿ ಹೊನ್ನಾವರಕ್ಕೆ ಬಂದು, ಪೋರ್ಚುಗೀಸ್ ರಾಯಭಾರಿಯ ಜತೆ ಗೇರುಸೊಪ್ಪೆಯ ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ ವೆಂಕಟಪ್ಪ ನಾಯಕನ ಆಸ್ಥಾನ ಕಂಡ. ಆ ಡಿಸೆಂಬರಿನಲ್ಲಿ ಮಂಗಳೂರಿನಲ್ಲಿದ್ದ. ಕದ್ರಿಗೆ ಹೋಗಿ ಜೋಗಿಗಳ ಅರಸನನ್ನು ನೋಡಿದ. ಈಗಿನ ಪ್ರವಾಸದ ಬಸ್ಸುಗಳೂ ಕದ್ರಿಗೆ ಹೋಗುತ್ತವೆ, ಅಷ್ಟರ ಮಟ್ಟಿಗೆ ಐಟಿನರಿ ಬದಲಾಗಿಲ್ಲ. ಮಣೇಲಿಗೂ ಹೋದ, ಉಳ್ಳಾಲದ ರಾಣಿಯನ್ನು ನೋಡಲು. ನಾವು ಅಬ್ಬಕ್ಕ ಎಂದು ಒಂದೇ ಹೆಸರಿನಲ್ಲಿ ನೆನೆಯುವುದು ಒಬ್ಬಳಿಗಿಂತ ಹೆಚ್ಚು ರಾಣಿಯರನ್ನು ಎನ್ನುತ್ತಾರೆ ಇತಿಹಾಸಕಾರರು. ಇವಳು ಅವರಲ್ಲೊಬ್ಬಳು. ಗಂಡ ಬಂಗರಾಜನನ್ನು ಬಿಟ್ಟು, ಅವನ ಮೇಲೂ ಅವನ ಬೆನ್ನಿಗೆ ನಿಂತ ಪೋರ್ಚುಗೀಸರ ಮೇಲೂ ಕಾದಾಡಿದವಳು.

ಅವನು ಕಲ್ಪಿಸಿಕೊಂಡು ಬಂದದ್ದು ಸಿಂಹಾಸನ, ದರ್ಬಾರು. ರಾಣಿ ಎದುರಾದದ್ದು ದಾರಿಯಲ್ಲಿ. ಬರಿಗಾಲು. ಸೊಂಟಕ್ಕೆ ಸಾದಾ ಹತ್ತಿ ಬಟ್ಟೆ, ತಲೆಯ ಮೇಲೆ ಯಾರೋ ಹಿಡಿದ ಓಲೆಯ ಕೊಡೆ. ಗದ್ದೆಗೆ ನೀರು ಹಾಯಿಸಲು ತೋಡಿಸುತ್ತಿದ್ದ ಕಾಲುವೆಯ ಕೆಲಸ ನೋಡಲು ಆಕೆ ನಡೆದು ಹೊರಟಿದ್ದಳು. ಮೊದಲ ನೋಟಕ್ಕೆ ಅಡುಗೆಯವಳ ಹಾಗೆ ಕಂಡಳು ಎಂದು ಇಟಲಿಯವನು ಸ್ವಲ್ಪ ಕೊಂಕಾಗಿಯೇ ಬರೆಯುತ್ತಾನೆ. ಆದರೆ ಮಾತಿಗೆ ನಿಂತ ಮೇಲೆ ಆಕೆಯ ಗಾಂಭೀರ್ಯ, ಬುದ್ಧಿ ಎರಡನ್ನೂ ಒಪ್ಪಿಕೊಳ್ಳುತ್ತಾನೆ. ಎಲ್ಲಿಂದ ಬಂದೆ, ಯಾವ ಯಾವ ರಾಜರನ್ನು ಕಂಡೆ ಎಂದು ಆಕೆ ವಿಚಾರಿಸಿದಳು. ತುರ್ಕಿ, ಪರ್ಷಿಯಾ, ಮೊಗಲರು, ಇಕ್ಕೇರಿ ಎಂದು ಇವನು ಪಟ್ಟಿ ಕೊಟ್ಟ. ಅಷ್ಟು ದೊಡ್ಡ ದೊಡ್ಡವರನ್ನೆಲ್ಲ ನೋಡಿದವನು ನಮ್ಮ ಈ ಕಾಡಿಗೆ ಏನು ನೋಡಲು ಬಂದೆ ಎಂಬ ಅರ್ಥದಲ್ಲಿ ರಾಣಿ ಕೇಳಿದಳು.

ಲೋಕ ಎಷ್ಟು ದೊಡ್ಡದು, ಅದರಲ್ಲಿ ತಾನು ಎಲ್ಲಿದ್ದೇನೆ ಎಂದು ಸರಿಯಾಗಿ ಗೊತ್ತಿದ್ದವಳ ಪ್ರಶ್ನೆ ಅದು. ಅವಳ ನಾಡಿನ ಅಕ್ಕಿಗಾಗಿ, ಮೆಣಸಿಗಾಗಿ ಬಂದ ಹಡಗಿನವರನ್ನು ಅವಳು ಕಂಡಿದ್ದಳು. ಬರೀ ನೋಡಲು ಬಂದವನೇ ಅವಳಿಗೆ ವಿಚಿತ್ರ.

ಭಾವನ ಹಾಳೆ ಕೊನೆಗೆ ಹೀಗಾಯಿತು: ‘ಅನ್‌ಟಚ್ಡ್’ ಹೋಯಿತು. ಹಂಚಿಗೆ ಎರಡು ಸಾಲು, ಗೇರಿಗೆ ಎರಡು, ಒಳ್ಳೆಮೆಣಸಿಗೆ ಮೂರು. ಬೆನ್ ಯಿಜುವಿಗೆ ಜಾಗ ಸಿಗಲಿಲ್ಲ, ನಾನು ಬಹಳ ಚೌಕಾಸಿ ಮಾಡಿದರೂ. ಜಿರಾಫೆಗೆ ಏಳು ನಿಮಿಷ, ಎಲ್ಲರನ್ನೂ ಮಂಟಪದ ಬುಡಕ್ಕೆ ಕರೆದು ನೀವೇ ಹುಡುಕಿ ಅನ್ನುವ ಆಟದ ಸಮೇತ. ಆ ಏಳು ನಿಮಿಷವನ್ನು ಅಂಗಡಿಯ ಹೊತ್ತಿನಿಂದ ಕತ್ತರಿಸಿದ್ದರಿಂದ ಏಜೆನ್ಸಿಯವರ ಮುಖ ಸ್ವಲ್ಪ ದಪ್ಪಗಾಗಿದೆಯಂತೆ. ಅಂಗಡಿಯಲ್ಲಿ ಆಗುವ ವ್ಯಾಪಾರದ ಮೇಲೆ ಗೈಡಿಗೂ ಒಂದಿಷ್ಟು ಕಮಿಷನ್ ಇರುತ್ತದೆ, ಹಾಗಾಗಿ ಜಿರಾಫೆಯ ಖರ್ಚು ಭಾವನ ಜೇಬಿನದೂ ಹೌದು. "ಇರ್ಲಿ, ಟಿಪ್ಸಲ್ಲಿ ಬರ್ತದೆ" ಅಂದರು.

ಮಣೇಲಿನ ಕತೆಯನ್ನು ವಾಪಸು ದಾರಿಗೆ ಇಟ್ಟುಕೊಂಡಿದ್ದರು. ಹೊಸ ಹಾಳೆಯೊಂದಿಗೆ ಹೋದ ಮೊದಲ ದಿನ ಕೈಕಂಬ ಬರುವಷ್ಟರಲ್ಲಿ ಮೂರು ಗಂಟೆ, ಹೊರಗೆ ಬಿಸಿಲು, ಒಳಗೆ ಏಸಿ, ಬಸ್ಸಿಗೆ ಬಸ್ಸೇ ನಿದ್ದೆ. ಮೈಕು ಕೆಳಗಿಟ್ಟು ಭಾವ ಮುಂದಿನ ಸೀಟಿಗೆ ಬಂದು ಕೂತು, ತಡೆಯಲಾರದೆ ಡ್ರೈವರಿಗೆ ತುಳುವಿನಲ್ಲಿ ಹೇಳತೊಡಗಿದರಂತೆ, ರಾಣಿ, ಕೊಡೆ, ಪೆಟ್ಟಿಗೆಯಲ್ಲಿದ್ದ ಹೆಂಡತಿ, ಎಲ್ಲ. ಆ ಡ್ರೈವರಿನ ಮನೆ ಗಂಜಿಮಠದಲ್ಲಿ, ಮಣೇಲಿಗೆ ಕೂಗಳತೆ. ರಾಣಿ ಅಬ್ಬಕ್ಕ ಅಂದರೆ ಉಳ್ಳಾಲ, ಅಲ್ಲಿಯ ಪ್ರತಿಮೆ, ಅಷ್ಟೇ ಅವನಿಗೆ ಗೊತ್ತಿದ್ದದ್ದು. ಪೂರ್ತಿ ಕೇಳಿಸಿಕೊಂಡು, ಗುರುಪುರ ಸಂಕ ದಾಟಿದ ಮೇಲೆ ಅವನು ಕೇಳಿದ್ದು ಒಂದೇ: ಆ ಕಾಲುವೆ ಯಾವ ಗದ್ದೆಗೆ ಹೋಗುತ್ತಿತ್ತು?